ಪ್ಯಾನಿಕ್ ಅಟ್ಯಾಕ್ ಎಬ್ಬಿಸುವುದು ಯಾವುದು? ನಿಮ್ಮದನ್ನು ನೀವೇ ಪತ್ತೆ ಹಚ್ಚುವ ಬಗೆ

ಪ್ಯಾನಿಕ್ ಅಟ್ಯಾಕ್, ಅಂದರೆ ಒಮ್ಮೆಲೇ ಎದೆ ಬಡಿದುಕೊಂಡು ಜೀವ ಹೋಗುತ್ತದೆ ಅನ್ನಿಸುವಂಥ ಗಾಬರಿ, ಬಂದವರನ್ನು "ಏನಾಯ್ತು?" ಅಂತ ಕೇಳಿದರೆ ಹೆಚ್ಚಿನವರು ಅದು ಬಂದ ಜಾಗ ಹೇಳುತ್ತಾರೆ. ಬಸ್ಸಲ್ಲಿ ಬಂತು, ಛತ್ರದಲ್ಲಿ ಬಂತು, ಬಚ್ಚಲಲ್ಲಿ ಬಂತು. ಆಮೇಲೆ ಬಸ್ಸು ಹತ್ತುವುದು ಬಿಡುತ್ತಾರೆ, ಮದುವೆಗೆ ಹೋಗುವುದು ಬಿಡುತ್ತಾರೆ, ಸ್ನಾನಕ್ಕೆ ಹೋದರೆ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ನಾನು ಹಾಸನ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ "ಸಿಸ್ಟರ್, ಜೀವ ಹೋಗ್ತಿದೆ" ಅಂತ ಎದೆ ಹಿಡಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇಸಿಜಿ ಸರಿಯಿದೆ ಅಂತ ಗೊತ್ತಾಗಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಮಾತಾಡಿಸಿದರೆ ಕತೆ ಬೇರೆಯೇ ಇರುತ್ತದೆ. ಹಿಂದಿನ ರಾತ್ರಿ ನಿದ್ದೆಯಿಲ್ಲ. ಮಧ್ಯಾಹ್ನ ಊಟ ಬಿಟ್ಟಿದ್ದಾರೆ. ಖಾಲಿ ಹೊಟ್ಟೆಗೆ ಮೂರು ಸಲ ಕಾಫಿ. ನೆಗಡಿಗೆ ಮೆಡಿಕಲ್‌ನವನು ಕೊಟ್ಟ ಮಾತ್ರೆ. ನೆಂಟರ ಮನೆಯ ಹಬ್ಬದ ಮರುದಿನ.

ಜಾಗದ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ಕಣ್ಣೆದುರಿಗಿರುತ್ತದೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳನ್ನು ಕೆದಕುವುದಕ್ಕೆ ತಾಳ್ಮೆ ಬೇಕು. ಹೇಗೆ ಕೆದಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಅಂತ ಇಲ್ಲಿ ಬರೆಯುತ್ತೇನೆ. ಕೊನೆಯದರಲ್ಲೇ ಜನ ಎಡವುವುದು.

ಮೊದಲು ಇಸಿಜಿ

ಮೊದಲ ಸಲ ಬಂದದ್ದಾದರೆ ಇದನ್ನು ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಹಾರ್ಟ್ ಅಟ್ಯಾಕೋ ಪ್ಯಾನಿಕ್ ಅಟ್ಯಾಕೋ ಅಂತ ಮನೆಯಲ್ಲಿ ಕೂತು ಹೇಳಲು ನನಗೂ ಆಗುವುದಿಲ್ಲ. ಈಗ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಎದೆನೋವು ಅಂತ ಬಂದವರ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತೇವೆ. ಹೃದಯಾಘಾತವೇ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಸಿಗುತ್ತದೆ, ದುಡ್ಡಿಲ್ಲದೆ. ಹಾಗಾಗಿ "ಸುಮ್ನೆ ಹೋಗಿ ನಗೆಪಾಟಲಾಗ್ತೀನಿ" ಅನ್ನುವ ಸಂಕೋಚ ಬೇಡ. ನೂರು ಜನ ಸುಮ್ಮನೆ ಬಂದರೂ ನಮಗೆ ಬೇಸರವಿಲ್ಲ, ಬರಬೇಕಾದ ಒಬ್ಬರು ಬರದೇ ಹೋದರೆ ಕಷ್ಟ.

ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ನಡೆದರೆ ಹೆಚ್ಚಾಗಿ ನಿಂತರೆ ಕಮ್ಮಿಯಾಗುವ ಎದೆಬಿಗಿತ, ಎಚ್ಚರ ತಪ್ಪುವುದು, ಅರ್ಧ ಗಂಟೆ ದಾಟಿದರೂ ಇಳಿಯದ ಸಂಕಟ ಇದ್ದರೆ 108ಕ್ಕೆ ಫೋನ್ ಮಾಡಿ. ಶುಗರ್, ಬಿಪಿ, ಬೀಡಿ ಸಿಗರೇಟು ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿರುವವರು ಇನ್ನೂ ಎಚ್ಚರವಾಗಿರಬೇಕು. ಹಿಂದೆ ಎಷ್ಟು ಸಲ ಪ್ಯಾನಿಕ್ ಬಂದಿದ್ದರೂ ಈ ಸಲದ ನೋವು ಬೇರೆ ಥರ ಇದೆ ಅನ್ನಿಸಿದರೆ ಮತ್ತೆ ಇಸಿಜಿ ತೆಗೆಸಿ.

ಅದರ ಜೊತೆ ರಕ್ತಪರೀಕ್ಷೆ ಮೂರು: ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಶುಗರ್. ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದ್ದರೆ ಎದೆ ಬಡಿತ, ಬೆವರು, ಕೈನಡುಕ ಎಲ್ಲವೂ ಪ್ಯಾನಿಕ್‌ನಂತೆಯೇ ಇರುತ್ತವೆ. ಥೈರಾಯ್ಡ್ ಕಮ್ಮಿ ಅಂತ ತಿನ್ನುವ ಮಾತ್ರೆಯ ಡೋಸ್ ಜಾಸ್ತಿಯಾದರೂ ಹಾಗೇ. ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ತಡವಾದರೆ ಶುಗರ್ 70ಕ್ಕಿಂತ ಕೆಳಗಿಳಿದು ಮೈ ನಡುಗಿ, ಬೆವರಿ, ಗಾಬರಿಯಾಗುತ್ತದೆ. ಅದಕ್ಕೆ ಬೇಕಾದದ್ದು ಸಕ್ಕರೆ ನೀರು, ಧೈರ್ಯದ ಮಾತಲ್ಲ. ಇನ್ನು ರಕ್ತಹೀನತೆ. ಸರ್ಕಾರದ ಸಮೀಕ್ಷೆಯ ಲೆಕ್ಕದಲ್ಲೇ ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧದ ಹತ್ತಿರ ಹತ್ತಿರ ಮಂದಿಗೆ ರಕ್ತ ಕಮ್ಮಿ. ಹಿಮೋಗ್ಲೋಬಿನ್ ಎಂಟಿದ್ದವಳು ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳದೆ ಇನ್ನೇನು? ಅವಳಿಗೆ "ಟೆನ್ಶನ್ ಮಾಡ್ಕೋಬೇಡಮ್ಮ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಳಗೆ ಆಗುವುದೇನು

ಒಂದು ರಾತ್ರಿಯದ್ದು ಹೇಳುತ್ತೇನೆ. ಪಿಯುಸಿ ಓದುವ ಹುಡುಗಿ, ಅಪ್ಪ ಎತ್ತಿಕೊಂಡೇ ಬಂದರು. ಎರಡೂ ಕೈಯ ಬೆರಳು ಒಟ್ಟಿಗೆ ಸೇರಿ ಸೆಟೆದುಕೊಂಡಿವೆ, ಬಿಡಿಸಲು ಹೋದರೆ ನೋವು ಅನ್ನುತ್ತಾಳೆ. ತುಟಿ ಸುತ್ತ ಜೋಮು. "ಉಸಿರು ಬರ್ತಿಲ್ಲ, ಉಸಿರು ಬರ್ತಿಲ್ಲ" ಒಂದೇ ಸಮ. ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ 99. ಉಸಿರು ಎಣಿಸಿದರೆ ನಿಮಿಷಕ್ಕೆ ಮೂವತ್ತರ ಮೇಲೆ. ಸುಮ್ಮನೆ ಕೂತವರ ಉಸಿರು ಹನ್ನೆರಡರಿಂದ ಇಪ್ಪತ್ತರೊಳಗೆ ಇರಬೇಕು. ಪಕ್ಕದಲ್ಲಿ ದೊಡ್ಡಮ್ಮ ನಿಂತು "ಜೋರಾಗಿ ಉಸಿರೆಳ್ಕೋ ಮಗ, ಇನ್ನೂ ಜೋರಾಗಿ" ಅಂತಿದ್ದರು. ಬೆಂಕಿಗೆ ತುಪ್ಪ ಅಂದರೆ ಅದೇ.

ಆಕೆಗೆ ಗಾಳಿ ಸಾಲದೆ ಆದದ್ದಲ್ಲ, ಹೆಚ್ಚಾಗಿ ಆದದ್ದು. ಬೇಗಬೇಗ ಉಸಿರಾಡಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಆಗ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ, ರಕ್ತದಲ್ಲಿ ಕೆಲಸಕ್ಕೆ ಒದಗುವ ಕ್ಯಾಲ್ಸಿಯಂ ಇಳಿದು ಜೋಮು ಬಂದು ಬೆರಳು ಸೆಟೆಯುತ್ತವೆ. ಅದನ್ನು ನೋಡಿ ಇನ್ನಷ್ಟು ಗಾಬರಿ, ಗಾಬರಿಗೆ ಇನ್ನಷ್ಟು ಉಸಿರು. ಅವಳನ್ನು ಕೂರಿಸಿ, ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡು ಅಂತ ನಾನೂ ಅವಳ ಜೊತೆ ಉಸಿರಾಡಿದೆ. ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಮೂಗಿಗೆ ಕವರ್ ಹಿಡಿಯುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ನಿಜವಾಗಿ ಆಸ್ತಮಾನೋ ಹೃದಯದ ತೊಂದರೆಯೋ ಆಗಿದ್ದರೆ ಅದು ಜೀವಕ್ಕೇ ಕುತ್ತು.

1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಈ ಸುತ್ತನ್ನೇ ವಿವರಿಸಿದರು. ಮೈಯಲ್ಲಿ ಏನೋ ಒಂದು ಬದಲಾವಣೆ ಆಗುತ್ತದೆ. ಮನಸ್ಸು ಅದಕ್ಕೆ "ಸತ್ತೆ", "ಬಿದ್ದೆ", "ಹುಚ್ಚು ಹಿಡೀತು" ಎಂಬ ಅರ್ಥ ಕೊಡುತ್ತದೆ. ಆ ಭಯಕ್ಕೆ ಮೈಯ ಬದಲಾವಣೆ ಇಮ್ಮಡಿಯಾಗುತ್ತದೆ. ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಹಾಗಾದರೆ ಎಬ್ಬಿಸುವುದು ಎರಡು ಕಡೆಯಿಂದ ಬರಬಹುದು. ಮೈಯನ್ನು ಅಲುಗಿಸುವಂಥದ್ದು ಒಂದು, ಆ ಅಲುಗಾಟಕ್ಕೆ ಕೆಟ್ಟ ಅರ್ಥ ಕಟ್ಟುವಂಥದ್ದು ಇನ್ನೊಂದು. ಹುಡುಕುವಾಗ ಇವೆರಡನ್ನೂ ಬೇರೆಬೇರೆಯಾಗಿ ಹುಡುಕಬೇಕು.

ಪುಸ್ತಕದಲ್ಲಿ ಬರೆಯುವುದು

ಹಳೆಯ ನೋಟ್‌ಬುಕ್ ಒಂದು ಸಾಕು. ಮೊಬೈಲಿನಲ್ಲಿ ಬರೆದರೂ ಆಗುತ್ತದೆ, ಆದರೆ ಮೊಬೈಲ್ ತೆರೆದರೆ ಕೈ ಗೂಗಲ್‌ಗೆ ಹೋಗುತ್ತದೆ, ಅದೇ ಇನ್ನೊಂದು ಅಟ್ಯಾಕಿಗೆ ದಾರಿ. ಅಟ್ಯಾಕ್ ಇಳಿದ ಮೇಲೆ ಅದೇ ದಿನ ಬರೆಯಿರಿ, ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಮುಖ್ಯವಾದದ್ದು, ಮೈಯಲ್ಲಿ ಮೊಟ್ಟಮೊದಲು ಏನಾಯಿತು ಅನ್ನುವುದು. ಎದೆ ಬಡಿತವೋ, ಕಣ್ಣು ಮಂಜಾಗಿದ್ದೋ, ಗಂಟಲು ಕಟ್ಟಿದ್ದೋ, ಹೊಟ್ಟೆ ತೊಳಸಿದ್ದೋ? ಅದಾದ ತಕ್ಷಣ ತಲೆಯಲ್ಲಿ ಬಂದ ಮಾತು ಯಾವುದು? ಆಮೇಲೆ ಹಿಂದಿನ ರಾತ್ರಿಯ ನಿದ್ದೆ, ಕೊನೆಯ ಊಟದ ಹೊತ್ತು, ಕಾಫಿ ಟೀ ಎಷ್ಟು, ಏನೇನು ಮಾತ್ರೆ, ಕುಡಿತ, ಹೆಂಗಸರಾದರೆ ಮುಟ್ಟಿನ ಎಷ್ಟನೇ ದಿನ. ಎಷ್ಟು ಹೊತ್ತು ಇತ್ತು. ಇಷ್ಟೇ.

ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳು ನಮ್ಮಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದಳು. ಹಾಗೇ ಬರೆಯಲು ಹೇಳಿದೆ. ಅವಳ ಒಂದು ಪುಟ ಅವಳ ಒಪ್ಪಿಗೆಯಿಂದ ಇಲ್ಲಿದೆ:

"ಸೋಮವಾರ, ಬೆಳಿಗ್ಗೆ 7.40. ಫ್ಯಾಕ್ಟರಿ ಬಸ್, ನಿಂತಿದ್ದೆ. ಮೊದಲು ಕಾಲು ಸೋತಂಗಾಯ್ತು, ಕಣ್ಣು ಕತ್ತಲು. ಬಿದ್ದೋಗ್ತೀನಿ ಅನ್ನಿಸ್ತು. ಆಮೇಲೆ ಎದೆ ಡವಡವ. ರಾತ್ರಿ ಊಟ 8ಕ್ಕೆ. ಬೆಳಿಗ್ಗೆ ಕಾಫಿ ಎರಡು ಸಲ. ನಿದ್ದೆ 11ರಿಂದ 4.30."

ಅವಳ ಲೆಕ್ಕದಲ್ಲಿ ತಪ್ಪಿತಸ್ಥ ಬಸ್ಸು. "ಅಕ್ಕಾ, ಬಸ್ಸಲ್ಲಿ ಗಾಳಿನೇ ಆಡಲ್ಲ" ಅನ್ನುತ್ತಿದ್ದಳು. ಪುಟ ತಿರುವುತ್ತ ಹೋದರೆ ಮಂಗಳವಾರ, ಬುಧವಾರ ಅದೇ ಬಸ್ಸಿನಲ್ಲಿ ಏನೂ ಆಗಿಲ್ಲ. ಸೋಮವಾರವೇ ಯಾಕೆ ಅಂತ ಕೇಳಿದಾಗ ಗೊತ್ತಾಯಿತು, ಶಿವನ ವಾರ, ಸಂಜೆ ಪೂಜೆ ಆಗುವ ತನಕ ಉಪವಾಸ. ಹನ್ನೊಂದು ಗಂಟೆಗೂ ಮಿಕ್ಕಿ ಖಾಲಿ ಇದ್ದ ಹೊಟ್ಟೆ, ಐದೂವರೆ ಗಂಟೆಯ ನಿದ್ದೆ, ಎರಡು ಕಾಫಿ, ಬಸ್ಸಿನ ಸೆಕೆಯಲ್ಲಿ ನಿಂತ ಕಾಲು. ಬಸ್ಸು ಇದರಲ್ಲಿ ಕೊನೆಯದು ಮಾತ್ರ. ವ್ರತ ಬಿಡು ಅಂತ ನಾನು ಹೇಳಲಿಲ್ಲ, ಹೇಳಿದ್ದರೆ ಅವಳು ನನ್ನ ಮಾತೇ ಕೇಳುತ್ತಿರಲಿಲ್ಲ. ಬೆಳಿಗ್ಗೆ ಬಾಳೆಹಣ್ಣು, ಹಾಲು ಫಲಾಹಾರಕ್ಕೆ ನಡೆಯುತ್ತದಾ ಅಂತ ಅತ್ತೆಯನ್ನು ಕೇಳಿಕೊಂಡು ಬಾ ಅಂದೆ. ನಡೆಯುತ್ತದೆ ಅಂದರಂತೆ. ಕಾಫಿ ಒಂದಕ್ಕೆ ಇಳಿಯಿತು. ಸೋಮವಾರದ ತಲೆಸುತ್ತು ನಿಂತಿತು. ಕತೆ ಅಲ್ಲಿಗೆ ಮುಗಿಯಲಿಲ್ಲ, ಮುಂದಿನದು ಆಮೇಲೆ ಹೇಳುತ್ತೇನೆ.

ಯಾವುದನ್ನು ಸಂಶಯಪಡಬೇಕು

ನಮ್ಮ ಕಡೆ ಮೊದಲ ಅನುಮಾನ ಕಾಫಿಯ ಮೇಲೆ. ತೋಟದ ಸೀಮೆಯವರಿಗೆ ಇದು ಬೇಜಾರಿನ ಮಾತು, ನನಗೂ ಡ್ಯೂಟಿ ಮುಗಿದ ಮೇಲೆ ಡಿಕಾಕ್ಷನ್ ಇಲ್ಲದಿದ್ದರೆ ಬೆಳಗಾಗುವುದಿಲ್ಲ. ಆದರೆ ಪ್ಯಾನಿಕ್ ಡಿಸಾರ್ಡರ್, ಅಂದರೆ ಅಟ್ಯಾಕ್ ಮತ್ತೆ ಮತ್ತೆ ಬರುವ ಕಾಯಿಲೆ ಇರುವವರಿಗೆ ಐದು ಕಪ್ ಕಾಫಿಯಲ್ಲಿರುವಷ್ಟು ಕೆಫೀನ್ ಒಟ್ಟಿಗೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಸುಮಾರು ಅರ್ಧ ಮಂದಿಗೆ ಅಟ್ಯಾಕ್ ಬಂದಿದೆ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಇಳಿಯಲು ಐದು ಗಂಟೆ ಹತ್ತಿರ ಬೇಕು, ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಎನರ್ಜಿ ಡ್ರಿಂಕ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ.

ಎರಡನೆಯದು ಔಷಧಿ. ಉಬ್ಬಸಕ್ಕೆ ಎಳೆಯುವ ಸಾಲ್ಬುಟಮಾಲ್ ಪಂಪು, ಡೆರಿಫಿಲಿನ್, ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆ, ಸ್ಟಿರಾಯ್ಡ್. ಇವುಗಳಲ್ಲಿ ಕೆಲವು ಎದೆ ಬಡಿತ ಹೆಚ್ಚಿಸುತ್ತವೆ, ಕೈ ನಡುಗಿಸುತ್ತವೆ. ಪಂಪು ಎಳೆದ ಮೇಲಿನ ಎದೆಬಡಿತವನ್ನು "ಉಬ್ಬಸ ಜಾಸ್ತಿಯಾಯ್ತು" ಅಂತ ತಿಳಿದು ಮತ್ತೆರಡು ಸಲ ಎಳೆದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ಉಬ್ಬಸದವರು ಪಂಪು ಬಿಡುವಂತಿಲ್ಲ, ಡಾಕ್ಟರನ್ನು ಕೇಳಿ ಎಷ್ಟು ಸಲ ಅಂತ ಬರೆಸಿಕೊಳ್ಳಿ. ಇನ್ನೊಂದು ನನ್ನ ತಲೆ ಕೆಡಿಸುವ ಸಂಗತಿ ಸಾರ್ಬಿಟ್ರೇಟ್, ಹೃದಯದ ಕಾಯಿಲೆಯವರ ಎದೆನೋವಿಗೆ ಕೊಡುವ ಮಾತ್ರೆ. ವಾಟ್ಸಾಪಿನಲ್ಲಿ ಬಂದ ಸಲಹೆ ಓದಿ ಗಂಡಸರು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ, ಎದೆ ಚುರುಕ್ ಅಂದರೆ ನಾಲಿಗೆ ಕೆಳಗೆ. ಅದು ಬಿಪಿ ಇಳಿಸುತ್ತದೆ, ಇಳಿದ ಬಿಪಿಗೆ ತಲೆ ತಿರುಗಿ ಹೃದಯ ಓಡತೊಡಗುತ್ತದೆ, ತಲೆ ಸಿಡಿಯುತ್ತದೆ. ಗ್ಯಾಸಿನ ಚುಚ್ಚಿಗೆ ಶುರುವಾದದ್ದು ಮಾತ್ರೆಯಿಂದಲೇ ಪೂರ್ತಿ ಅಟ್ಯಾಕ್ ಆಗುತ್ತದೆ. ಡಾಕ್ಟರು ಬರೆದುಕೊಡದೆ ಅದು ನಿಮ್ಮ ಜೇಬಿನಲ್ಲಿರುವುದು ಬೇಡ.

ನಿದ್ದೆ ಮಾತ್ರೆ ಅಂತ ಜನ ಕರೆಯುವ ಆಲ್ಪ್ರಜೋಲಾಂ ಥರದವನ್ನು ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ಗಾಬರಿ ಮೊದಲಿಗಿಂತ ಜೋರಾಗಿ ಮರಳುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರು ಹಂತಹಂತವಾಗಿ ಇಳಿಸಬೇಕು. ಹೆಂಡದ್ದೂ ಅದೇ ಕತೆ. ಕುಡಿದ ರಾತ್ರಿ ಸುಖ, ಮರುದಿನ ಕೈನಡುಕ, ಬೆವರು, ಎದೆಬಡಿತ. ಹಬ್ಬ, ಜಾತ್ರೆ, ಬೀಗರೂಟದ ಮರುದಿನ ಕ್ಯಾಶುವಾಲ್ಟಿಗೆ ಬರುವ "ಹಾರ್ಟ್ ಪ್ರಾಬ್ಲಮ್"ಗಳಲ್ಲಿ ಇಂಥವು ಇದ್ದೇ ಇರುತ್ತವೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಡುವುದೂ ಅಪಾಯ, ಆಸ್ಪತ್ರೆಗೆ ಬಂದು ಬಿಡಿ. ಗಾಂಜಾ ಸೇದಿ ಬಂದ ಹುಡುಗರು ಅದನ್ನು ಹೇಳುವುದಿಲ್ಲ, ಅಮ್ಮನನ್ನು ಹೊರಗೆ ಕಳಿಸಿ ಕೇಳಿದರೆ ಹೇಳುತ್ತಾರೆ. ನಿಮ್ಮ ಪುಸ್ತಕದಲ್ಲಾದರೂ ನಿಜ ಬರೆಯಿರಿ, ಬೇಕಾದರೆ ಗುರುತಿಗೊಂದು ಚುಕ್ಕೆ ಇಡಿ.

ನಿದ್ದೆ, ಹಸಿವು, ಬಾಯಾರಿಕೆ, ಸೆಕೆ ಇವು ಎಲ್ಲರಿಗೂ ಗೊತ್ತಿದ್ದದ್ದೇ. ಶಿವರಾತ್ರಿಯ ಮರುದಿನ ನೆನೆಸಿಕೊಳ್ಳಿ, ಜಾಗರಣೆ, ಉಪವಾಸ, ಮೇಲಿಂದ ಮೇಲೆ ಕಾಫಿ, ಮೂರೂ ಒಂದೇ ರಾತ್ರಿ. ದೃಷ್ಟಿ ತೆಗೆಸುವುದಕ್ಕೆ, ತಾಯತ ಕಟ್ಟಿಸುವುದಕ್ಕೆ ನನ್ನ ತಕರಾರಿಲ್ಲ, ಆದರೆ ಗಾಬರಿ ಹೋಗಲಿ ಅಂತ ಉಪವಾಸ ಜಾಗರಣೆಯ ಹರಕೆ ಹೊರಬೇಡಿ. ಮುಟ್ಟಿನ ಹಿಂದಿನ ವಾರ, ಹೆರಿಗೆಯ ನಂತರದ ತಿಂಗಳುಗಳು, ಮುಟ್ಟು ನಿಲ್ಲುವ ಕಾಲದ ಮೈ ಕಾವು, ಇವನ್ನೂ ಪುಸ್ತಕ ತೋರಿಸಿಕೊಡುತ್ತದೆ.

ರಾತ್ರಿ ನಿದ್ದೆಯಿಂದ ದಡಕ್ಕನೆ ಎದ್ದು ಕೂರುವವರು ಬೇರೆಯೇ ಒಂದು ಗುಂಪು. "ಕೆಟ್ಟ ಕನಸು ಬಿದ್ದಿರ್ಬೇಕು" ಅನ್ನುತ್ತಾರೆ ಮನೆಯವರು. ಆದರೆ ಇದು ಹೆಚ್ಚಾಗಿ ಬರುವುದು ಕನಸಿಲ್ಲದ ನಿದ್ದೆಯಲ್ಲಿ, ಮಲಗಿದ ಮೊದಲ ಕೆಲವು ಗಂಟೆಗಳಲ್ಲೇ. ಅಂಥವರು ಕನಸು ನೆನಪು ಮಾಡಿಕೊಳ್ಳುವುದನ್ನು ಬಿಟ್ಟು ಸಂಜೆಯ ಕಾಫಿ, ಕುಡಿತ, ತಡವಾದ ಭಾರಿ ಊಟ, ಎದೆಯುರಿ ನೋಡಿಕೊಳ್ಳಲಿ. ಜೋರು ಗೊರಕೆ ಇದ್ದು ನಡುವೆ ಉಸಿರು ನಿಂತು ಎಚ್ಚರಾಗುವುದಾದರೆ ಅದನ್ನು ಡಾಕ್ಟರಿಗೆ ಬೇರೆಯಾಗಿ ಹೇಳಲೇಬೇಕು.

ಇನ್ನು ಮನಸ್ಸಿನ ಕಡೆಯದು, ಮೈಯ ಅಲುಗಾಟಕ್ಕೆ ಅರ್ಥ ಕಟ್ಟುವಂಥದ್ದು. ಇದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಉದಾಹರಣೆ ಬೇಡ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬಂತು, ಅದರಲ್ಲೂ ಚಿಕ್ಕ ವಯಸ್ಸಿನವರ ಫೋಟೋಗಳು. ಮೈಸೂರು, ಬೆಂಗಳೂರಿನ ಜಯದೇವ ಹೃದಯದ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ನಮ್ಮ ಚಿಕ್ಕ ಆಸ್ಪತ್ರೆಯಲ್ಲೂ ಇಸಿಜಿ ಟೇಬಲ್ ಖಾಲಿಯಾಗುತ್ತಿರಲಿಲ್ಲ. ತಪಾಸಣೆಗೆ ಬಂದದ್ದು ಒಳ್ಳೆಯದೇ ಆಯಿತು, ಬಿಪಿ ಶುಗರ್ ಇದ್ದದ್ದೇ ಗೊತ್ತಿಲ್ಲದವರು ಸಿಕ್ಕಿದರು. ಆದರೆ ಎಷ್ಟೋ ಹುಡುಗರು ದಿನವೂ ಬಿಡದೆ ಬಂದರು. ಮೆಟ್ಟಿಲು ಹತ್ತಿದ್ದಕ್ಕೆ ಎದೆ ಬಡಿದುಕೊಂಡರೆ ಸಾಕು, ನಿನ್ನೆ ಟಿವಿಯಲ್ಲಿ ನೋಡಿದ ಮುಖ ಕಣ್ಣ ಮುಂದೆ. ಬಡಿತ ಮೊದಲೂ ಇತ್ತು, ಅದರ ಅರ್ಥ ಆ ತಿಂಗಳು ಬದಲಾಗಿತ್ತು. ಹತ್ತಿರದವರು ತೀರಿಕೊಂಡ ಮನೆಗಳಲ್ಲೂ ಹೀಗೇ ಆಗುತ್ತದೆ. ವರ್ಷಾಬ್ದಿಕದ ದಿನ, ಅದೇ ಆಸ್ಪತ್ರೆಯ ಮುಂದೆ ಹಾದುಹೋಗುವಾಗ, ಆಂಬುಲೆನ್ಸ್ ಸೈರನ್ ಕೇಳಿದಾಗ.

ಒಂದು ವಿಚಿತ್ರ ನೋಡಿ. ಸಾಲ, ಜಗಳ, ಪರೀಕ್ಷೆ, ಮಗಳ ಮದುವೆ ಇವುಗಳ ನಡುವೆ ಏನೂ ಆಗದೆ, ಎಲ್ಲ ಮುಗಿದು ಕಾಲು ಚಾಚಿ ಕೂತ ಭಾನುವಾರ ಬರುವುದುಂಟು. "ಈಗೇನೂ ಟೆನ್ಶನ್ ಇಲ್ಲವಲ್ಲ ಸಿಸ್ಟರ್" ಅನ್ನುತ್ತಾರೆ. ಓಡುತ್ತಿರುವಾಗ ಮೈಯ ಕಡೆ ನೋಡಲು ಪುರುಸೊತ್ತಿರಲಿಲ್ಲ, ಈಗ ಪ್ರತಿ ಬಡಿತವೂ ಕೇಳಿಸುತ್ತದೆ. ಅದಕ್ಕೇ ಪುಸ್ತಕದಲ್ಲಿ ಆ ದಿನದ್ದಷ್ಟೇ ಸಾಲದು, ಹಿಂದಿನ ಎರಡು ಮೂರು ವಾರ ಹೇಗಿತ್ತು ಅಂತ ಒಂದು ಸಾಲು ಇರಲಿ.

ಒಂದೊಂದಾಗಿ ಪರೀಕ್ಷಿಸಿ

ನಾಲ್ಕೈದು ಪುಟ ತುಂಬಿದ ಮೇಲೆ ಕೂತು ಒಟ್ಟಿಗೆ ಓದಿ. ಮತ್ತೆ ಮತ್ತೆ ಬರುವುದಕ್ಕೆ ಅಡಿಗೆರೆ ಹಾಕಿ. ಅದರಲ್ಲಿ ಒಂದನ್ನು ಮಾತ್ರ ಎರಡು ವಾರ ಬದಲಿಸಿ ನೋಡಿ. ಕಾಫಿ, ನಿದ್ದೆ, ಊಟ ಎಲ್ಲವನ್ನೂ ಒಂದೇ ಸೋಮವಾರ ತಿದ್ದಿಕೊಂಡರೆ ಯಾವುದರಿಂದ ಕಮ್ಮಿಯಾಯಿತು ಅಂತ ಗೊತ್ತಾಗುವುದಿಲ್ಲ. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ಕೆಲವು ದಿನ ತಲೆನೋವು ಬರಬಹುದು, ಅದರಿಂದಲೇ ಗಾಬರಿಯಾಗಬಹುದು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸಿ, ಮಧ್ಯಾಹ್ನದ ಮೇಲಿನದನ್ನು ಮೊದಲು ಬಿಡಿ. ಡಾಕ್ಟರು ಬರೆದ ಮಾತ್ರೆಯನ್ನು ಈ ಪರೀಕ್ಷೆಗೆ ಒಡ್ಡಬೇಡಿ, ಅದನ್ನು ಅವರನ್ನೇ ಕೇಳಿ. ಏನೂ ಸಿಗದ ಅಟ್ಯಾಕುಗಳೂ ಇರುತ್ತವೆ. ಪುಸ್ತಕದಲ್ಲಿ "ಕಾರಣ ಸಿಗಲಿಲ್ಲ" ಅಂತ ಬರೆದು ಮುಂದೆ ಹೋಗಿ, ಇಲ್ಲದ ಕಾರಣ ಹುಟ್ಟಿಸಬೇಡಿ.

ಬಿಡಬಾರದ್ದು

ಈಗ ಆ ಗಾರ್ಮೆಂಟ್ಸ್ ಹುಡುಗಿಯ ಉಳಿದ ಕತೆ. ಸೋಮವಾರದ ತಲೆಸುತ್ತು ನಿಂತರೂ ಅವಳು ಬಸ್ಸು ಹತ್ತಲಿಲ್ಲ. ಗಂಡ ಬೈಕಿನಲ್ಲಿ ಬಿಡುತ್ತಿದ್ದ. ಹೊಟ್ಟೆ ತುಂಬಿದ್ದರೂ, ಚೆನ್ನಾಗಿ ನಿದ್ದೆಯಾಗಿದ್ದರೂ ಬಸ್ಸಿನ ಹಾರನ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಉಪವಾಸ ಶುರುಮಾಡಿದ ಭಯವನ್ನು ಬಸ್ಸು ಕಲಿತುಕೊಂಡಿತ್ತು.

ಕಾಫಿ, ಹಸಿವು, ಹೆಂಡ, ಬೇಡದ ಮಾತ್ರೆ ಇವನ್ನು ಬಿಟ್ಟರೆ ಲಾಭ. ಬಸ್ಸು, ಸಂತೆ, ದೇವಸ್ಥಾನದ ಸಾಲು, ಲಿಫ್ಟು, ಮೆಟ್ಟಿಲು, ಒಬ್ಬರೇ ಮನೆಯಲ್ಲಿರುವುದು ಇವನ್ನು ಬಿಟ್ಟರೆ ನಷ್ಟ. ಬಿಟ್ಟ ದಿನ ಹಾಯೆನಿಸುತ್ತದೆ, ಆ ಹಾಯೇ "ಬಸ್ಸಿಗೆ ಹೋಗಿದ್ದರೆ ಸಾಯುತ್ತಿದ್ದೆ" ಅಂತ ಮನಸ್ಸಿಗೆ ನಂಬಿಸುತ್ತದೆ. ಇವತ್ತು ಬಸ್ಸು, ಬರುವ ತಿಂಗಳು ಆಟೋ, ಆಮೇಲೆ ಹೊಸ್ತಿಲು. ವರ್ಷಗಟ್ಟಲೆ ಅಂಗಳ ದಾಟದ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ, "ಅವ್ಳು ಎಲ್ಲೂ ಬರಲ್ಲ, ಸ್ವಭಾವ" ಅಂತ ಮನೆಯವರು ಬಿಟ್ಟುಬಿಟ್ಟಿರುತ್ತಾರೆ.

ಹಾಗಂತ ಒಂದೇ ಸಲ ತುಂಬಿದ ಬಸ್ಸಿಗೆ ನೂಕುವುದೂ ಸರಿಯಲ್ಲ. ಅವಳಿಗೆ ನಾವು ಮಾಡಿದ ಪಟ್ಟಿ ಹೀಗಿತ್ತು: ನಿಂತ ಬಸ್ಸು ಹತ್ತಿ ಇಳಿಯುವುದು. ಅಕ್ಕನ ಜೊತೆ ಒಂದು ಸ್ಟಾಪ್. ಅಕ್ಕ ಹಿಂದಿನ ಸೀಟು, ಇವಳು ಮುಂದಿನ ಸೀಟು. ಒಬ್ಬಳೇ ಒಂದು ಸ್ಟಾಪ್. ಒಬ್ಬಳೇ ಫ್ಯಾಕ್ಟರಿವರೆಗೆ, ಕೂತು. ಆಮೇಲೆ ನಿಂತು. ಪ್ರತಿ ಮೆಟ್ಟಿಲನ್ನೂ ಬೇಜಾರು ಹಿಡಿಯುವಷ್ಟು ಸಲ ಮಾಡಬೇಕು. ಎದೆ ಬಡಿದುಕೊಂಡಾಗ ಇಳಿದು ಓಡುವಂತಿಲ್ಲ, ಕಂಬಿ ಹಿಡಿದು, ಅದು ಏರಿ ಇಳಿಯುವುದನ್ನು ನೋಡಬೇಕು. ಇಳಿದೇ ಇಳಿಯುತ್ತದೆ. ನೀರಿನ ಬಾಟಲಿ, ಜೇಬಿನ ಮಾತ್ರೆ, ಯಾವಾಗಲೂ ಜೊತೆಗಿರುವ ಗಂಡ, ಇವು ಮೊದಲ ವಾರಗಳಿಗೆ ಊರುಗೋಲು, ಕ್ರಮೇಣ ಅವನ್ನೂ ಬಿಡಬೇಕು. ಇಲ್ಲದಿದ್ದರೆ ಬಾಟಲಿ ಮರೆತ ದಿನ ಅದೇ ಅಟ್ಯಾಕಿಗೆ ಕಾರಣವಾಗುತ್ತದೆ.

ಮೈಯ ಲಕ್ಷಣಕ್ಕೇ ಹೆದರುವವರಿಗೆ ಮನಶ್ಶಾಸ್ತ್ರಜ್ಞರು ಇನ್ನೊಂದು ಮಾಡಿಸುತ್ತಾರೆ. ಬೇಕೆಂದೇ ಮೆಟ್ಟಿಲು ಓಡಿಸುತ್ತಾರೆ, ಕುರ್ಚಿಯಲ್ಲಿ ಕೂರಿಸಿ ತಿರುಗಿಸುತ್ತಾರೆ, ಸ್ಟ್ರಾ ಕೊಟ್ಟು ಅದರಲ್ಲೇ ಉಸಿರಾಡಿ ಅನ್ನುತ್ತಾರೆ. ಎದೆಬಡಿತ, ತಲೆಸುತ್ತು ಬಂದು ಹೋಗುತ್ತದೆ, ಬೇರೆ ಏನೂ ಆಗುವುದಿಲ್ಲ ಅಂತ ಮೈಗೆ ಪಾಠವಾಗುತ್ತದೆ. ಹೃದಯ, ಉಬ್ಬಸ, ಫಿಟ್ಸ್ ಇರುವವರು, ಬಸುರಿಯರು ಇದನ್ನು ತಾವಾಗಿ ಮಾಡಬಾರದು.

ಮನೆಯವರಿಗೆ, ಆಮೇಲೆ ಡಾಕ್ಟರಿಗೆ

ಅಟ್ಯಾಕ್ ಬಂದಾಗ ಸುತ್ತ ಹತ್ತು ಜನ ನಿಲ್ಲಬೇಡಿ. ಒಬ್ಬರು ಸಾಕು. "ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ" ಅನ್ನಬೇಡಿ, ಎದೆ ಬಡಿತ ಭ್ರಮೆಯಲ್ಲ. "ಇದು ಪ್ಯಾನಿಕ್, ಹೋದ ಸಲದ ಥರಾನೇ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ನಾನು ಇಲ್ಲೇ ಕೂತಿರ್ತೀನಿ" ಅನ್ನಿ. ಆಗ ಕಾರಣ ಕೆದಕುವುದೂ ಬೇಡ, ಪುಸ್ತಕ ಆಮೇಲೆ. "ಡ್ರಿಪ್ ಹಾಕ್ಸಿ ಸಿಸ್ಟರ್, ಸರಿಯಾಗುತ್ತೆ" ಅಂತ ಪ್ರತಿ ಸಲ ಒತ್ತಾಯ ಮಾಡುವುದನ್ನೂ ಬಿಟ್ಟರೆ ಒಳ್ಳೆಯದು, ಬಾಟಲಿ ಮುಗಿಯುವ ಹೊತ್ತಿಗೆ ಅಟ್ಯಾಕ್ ತಾನಾಗಿಯೇ ಇಳಿದಿರುತ್ತದೆ, ಹೆಸರು ಗ್ಲೂಕೋಸಿಗೆ ಹೋಗುತ್ತದೆ.

ಮತ್ತೆ ಯಾವಾಗ ಬರುತ್ತದೋ ಅನ್ನುವ ಭಯದಲ್ಲೇ ತಿಂಗಳು ಕಳೆಯುತ್ತಿದ್ದರೆ, ಕೆಲಸ, ಪ್ರಯಾಣ ಬಿಡುವಂತಾಗಿದ್ದರೆ ಮನೋವೈದ್ಯರನ್ನು ನೋಡಲೇಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಅಂತ ಒಮ್ಮೆ ವಿಚಾರಿಸಿ. ಎದುರಿಗೆ ಕೂತು ಹೇಳಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆತ್ಮಹತ್ಯೆಯ ಯೋಚನೆ ಬಂದಿದ್ದರೆ ಮಂಗಳವಾರದ ತನಕ ಕಾಯಬೇಡಿ, ಆ ಕ್ಷಣವೇ ಅಲ್ಲಿಗೆ ಫೋನ್ ಮಾಡಿ ಅಥವಾ ಕ್ಯಾಶುವಾಲ್ಟಿಗೆ ಬನ್ನಿ. ಮಾತ್ರೆ ಬರೆದರೆ ಗುಣ ಕಾಣಲು ಕೆಲವು ವಾರ ಬೇಕು, ಮೊದಲ ಒಂದೆರಡು ವಾರ ಕೆಲವರಿಗೆ ಚಡಪಡಿಕೆ ಹೆಚ್ಚೇ ಆಗುತ್ತದೆ. ಅದನ್ನು ಹೊಸ ಅಟ್ಯಾಕ್ ಅಂತ ತಿಳಿದು ನಿಲ್ಲಿಸುವವರು ಬಹಳ. ನಿಲ್ಲಿಸುವ ಮುಂಚೆ ಬರೆದುಕೊಟ್ಟವರಿಗೆ ಹೇಳಿ.

ಹೋಗುವಾಗ ಪುಸ್ತಕ ತೆಗೆದುಕೊಂಡು ಹೋಗಿ, ಹಳೆಯ ಇಸಿಜಿ ಪೇಪರ್ ಕೂಡ. ಆ ಪೇಪರನ್ನು ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಅಚ್ಚು ಅಳಿಸಿಹೋಗುತ್ತದೆ, ಒಂದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಮನೆಯಲ್ಲಿ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ತನ್ನಿ, ನಾಟಿ ಔಷಧಿ, ಆಯುರ್ವೇದದ್ದೂ ಸೇರಿ. "ಬಿಳಿ ಮಾತ್ರೆ, ಗುಂಡಗಿತ್ತು" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಚೀಟಿ ಕಳೆದುಹೋಗಿದ್ದರೆ ಮಾತ್ರೆಯ ಖಾಲಿ ಸ್ಟ್ರಿಪ್ಪೇ ಸಾಕು, ಹೆಸರು ಇರುವ ತುದಿಯನ್ನು ಹರಿದುಹಾಕಿರಬಾರದು ಅಷ್ಟೇ.